ಸಾಲಿನ ಕಡೆಯ ಮಾತು

ಮೇಳದಲ್ಲಿ ಹಾಡುತ್ತಿದ್ದವನು ಮೇಳ ಬಿಟ್ಟು ಒಬ್ಬನೇ ಹಾಡಿದರೆ, ಅದು ಮೊದಲಿನ ಹಾಡಿಗೆ ಸರಿಬರುತ್ತದೆಯೇ? ಈ ಪ್ರಶ್ನೆಗೆ ನಾನು ಒಂದು ಸಲ, ಹತ್ತಾರು ಜನರೆದುರು, ಕೇಳಿದವನ ಮುಖ ನೋಡುತ್ತಲೇ ತೀರ್ಪು ಕೊಟ್ಟಿದ್ದೇನೆ. ನಾನು ಸಾಲಿ ಮಾಸ್ತರನಾಗಿದ್ದವನು. ಎಷ್ಟೋ ಮಕ್ಕಳ ಉತ್ತರಗಳ ಮೇಲೆ ತಪ್ಪು ಎಂದು ಗೆರೆ ಎಳೆದಿದ್ದೇನೆ. ಅವುಗಳಲ್ಲಿ ಕೆಲವು ಸರಿಯೇ ಇದ್ದಿರಬಹುದು. ಅದಕ್ಕಾಗಿ ನಾನೇನೂ ಕೊರಗಿದವನಲ್ಲ. ಆದರೆ ಆ ಒಂದು ತೀರ್ಪು ನೆನಪಾದರೆ ಇವತ್ತಿಗೂ ಊಟದ ತಾಟಿನಲ್ಲಿ ಕೈ ನಿಂತುಬಿಡುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸರಕಾರಿ ಕಾಗದದ ಮೇಲೆ ಬಿಜಾಪುರ, ನಮ್ಮ ಬಾಯಲ್ಲಿ ವಿಜಾಪುರ. ನಾನು ಊರಲ್ಲಿದ್ದು ತೊರವಿಯ ಸಾಲಿಗೆ ದಿನಾ ಸೈಕಲ್ ತುಳಿಯುವ ಹೊಸ ಮಾಸ್ತರ. ಮಗ್ಗಿ ಹೇಳಿಸುವಾಗ ಮೇಜು ಬಡಿಯುವ ಚಟ ನನಗೆ. ಮಕ್ಕಳು ಮಗ್ಗಿ ಮರೆಯುತ್ತಿದ್ದರು, ಬಡಿತ ಮರೆಯುತ್ತಿರಲಿಲ್ಲ. “ಮಾಸ್ತರ, ಮೇಜು ಸರಕಾರದ್ದೈತ್ರಿ, ಸ್ವಲ್ಪ ಮೆಲ್ಲಕ ಬಡೀರಿ” ಎಂದು ಹೆಡ್ ಮಾಸ್ತರರು ಎರಡು ಸಲ ಹೇಳಿದ್ದರು.

ಸಂಜೆ ಸಾಲಿ ಬಿಟ್ಟ ಮೇಲೆ ನನ್ನ ಸೈಕಲ್ ತಾನಾಗಿಯೇ ಸೊಲ್ಲಾಪುರ ರಸ್ತೆಯ ಒಂದು ರೇಡಿಯೋ ರಿಪೇರಿ ಅಂಗಡಿಗೆ ಹೋಗುತ್ತಿತ್ತು. ಅಂಗಡಿಯವನು ನನಗಿಂತ ಹತ್ತು ವರ್ಷ ದೊಡ್ಡವನು. ಎಲ್ಲರೂ ಅವನನ್ನು ರೇಡಿಯೋ ಅಣ್ಣ ಎನ್ನುತ್ತಿದ್ದೆವು. ಮಾತು ಕಡಿಮೆ, ಕೈ ಚುರುಕು. ಗುಂಡಿ ಒತ್ತಿ ನುಡಿಸುವ ಬೆಂಜೋ ಅವನ ಒಂದೇ ಒಂದು ಹುಚ್ಚು. ಅಂಗಡಿಯ ಪಕ್ಕದಲ್ಲಿ ಲಾರಿಗೆ ಕಟ್ಟಿಗೆಯ ಬಾಡಿ ಕಟ್ಟುವ ಒಂದು ಶೆಡ್ಡು. ಅಲ್ಲಿ ಮೊಳೆ ಹೊಡೆಯುತ್ತ ಹಾಡುತ್ತಿದ್ದವನೇ ನಮ್ಮ ಹಾಡುಗಾರ. ಬಬಲೇಶ್ವರದವನು. ಮನೆಯಲ್ಲಿ ಒಂದಿಷ್ಟು ಹೊಲ, ಒಂದಿಷ್ಟು ಕುರಿ. ಸುತ್ತಿಗೆಯ ಸದ್ದಿನ ಮೇಲೆ ಅವನ ದನಿ ಕೇಳಿ ರೇಡಿಯೋ ಅಣ್ಣ ಬೆಸುಗೆ ಹಾಕುವುದನ್ನು ಬಿಟ್ಟು ಎದ್ದು ನಿಂತಿದ್ದನಂತೆ. ಅದನ್ನು ಅವನೇ ನನಗೆ ಹೇಳಿದ್ದು, ಅದೂ ನಾಕೇ ಮಾತಿನಲ್ಲಿ.

ಹೀಗೆ ಮೂವರು ಸೇರಿದೆವು. ಹಾಡುಗಾರನಿಗೆ ಸೊಲ್ಲಾಪುರದಿಂದ ಯಾರೋ ಬಳಸಿ ಬಿಟ್ಟ ಗಿಟಾರು ಬಂತು. ಹಳೆಯ ಟೆಲಿಫೋನಿನ ಒಳಗಿನ ಆಯಸ್ಕಾಂತ ಕಿತ್ತು ರೇಡಿಯೋ ಅಣ್ಣ ಅದಕ್ಕೆ ಕೂಡಿಸಿದ. ಚಹಾಪುಡಿಯ ಪೆಟ್ಟಿಗೆಯಲ್ಲಿ ಆಂಪ್ಲಿಫಾಯರ್ ಕಟ್ಟಿದ. ನನಗೆ ಮದುವೆ ಬ್ಯಾಂಡಿನವರು ಬಿಸಾಕಿದ ಎರಡು ಡ್ರಮ್ಮು, ಅಂಚು ಸೀಳಿದ ಒಂದು ಕಂಚಿನ ತಾಟು. ಕಾಲೇಜಿನ ಗ್ಯಾದರಿಂಗು, ಗಣಪತಿ ಪೆಂಡಾಲು, ಟಿಕೋಟಾ ಕನಮಡಿ ಕಡೆಯ ಮದುವೆಗಳು, ಕರೆದಲ್ಲಿಗೆ ಹೋಗುತ್ತಿದ್ದೆವು. ಪುಣೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗ ರಜೆಗೆ ಬಂದಾಗ ನಮ್ಮನ್ನು ಕೇಳಿ, “ಇದು ರಾಕ್ ಐತಿ, ಪಕ್ಕಾ ರಾಕ್” ಎಂದ. ನಾವು ಎದೆ ಉಬ್ಬಿಸಿ ತಿರುಗಿದೆವು. ಟಿಕೋಟಾದ ಒಂದು ಮದುವೆಯಲ್ಲಿ ಒಬ್ಬ ಮುದುಕಿ ಮಾತ್ರ ನಮಗೆ ಸರಿಯಾದ ಹೆಸರಿಟ್ಟಳು: ಕರೆಂಟಿನ ಭಜನಿ.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಬಲೇಶ್ವರದಲ್ಲಿ ನಮ್ಮ ಹಾಡುಗಾರನ ಸೋದರಮಾವ ಭಜನಾ ಮೇಳ ನಡೆಸುತ್ತಿದ್ದ. ಅವನು ಹಾಡು ಕಲಿತದ್ದು ಅಲ್ಲಿಯೇ. ಆ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ಮುಂದೆ ಕುಳಿತು ಹಾಡುವವನು ಸಾಲಿನ ಕಡೆಯ ಮಾತನ್ನು ಹಾಡಬಾರದು. ಅಷ್ಟಕ್ಕೆ ನಿಲ್ಲಿಸಬೇಕು. ಆ ಕಡೆಯ ಮಾತು ಹಿಂದೆ ಕುಳಿತವರ ಪಾಲು. ಅವರು ಅದನ್ನು ಎತ್ತಿಕೊಂಡು ಹಾಡಿದಾಗಲೇ ಸಾಲು ಮುಗಿಯುವುದು, ಮುಂದಿನವನು ಮುಂದಿನ ಸಾಲಿಗೆ ಹೋಗುವುದು. ಮುಂದಿನವನು ಎಷ್ಟೇ ದೊಡ್ಡ ಹಾಡುಗಾರನಿರಲಿ, ಆ ಮಾತನ್ನು ತಾನೇ ಹಾಡಿಬಿಟ್ಟರೆ ಹಿಂದಿನವರ ತಾಟಿನ ರೊಟ್ಟಿ ಎತ್ತಿಕೊಂಡ ಹಾಗೆ.

ಈ ಕಟ್ಟಳೆಯನ್ನು ಅವನು ಗಿಟಾರಿನ ಜೊತೆಗೂ ತಂದ. ಅವನೇ ಒಂದು ಹಾಡು ಕಟ್ಟಿದ್ದ. ಹೊತ್ತು ಮುಳುಗುವ ತೊರವಿ, ಟಿಕೋಟಾದ ಕಡೆ ಮುಖ ಮಾಡಿ ಯಾರದೋ ದಾರಿ ಕಾಯುವವನ ಹಾಡು. “ಹೊತ್ತು ಟಿಕೋಟಾ ದಾಟಿತು, ಇನ್ನೂ ಯಾಕ ಬರಲಿಲ್ಲ ನೀ” ಎಂದು ಅದರ ಪಲ್ಲವಿ. ಬರಲಿಲ್ಲ ಎನ್ನುವವರೆಗೆ ಅವನು. ಆಮೇಲೆ ಎರಡು ಪೆಟ್ಟಿನಷ್ಟು ಜಾಗ. ಅಲ್ಲಿ ನಾನು ಡ್ರಮ್ಮು ಬಾರಿಸಿ ಆ ‘ನೀ’ ಎತ್ತಬೇಕು. ನನ್ನ ದನಿ ಅಂಥದ್ದೇನಲ್ಲ, ಹಾಜರಿ ಕೂಗುವ ದನಿ. ಆದರೂ ಆ ಒಂದು ಅಕ್ಷರ ನಾನು ಎತ್ತಿದಾಗ ಅವನು ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿ ನಗುತ್ತಿದ್ದ. ಪ್ರತಿ ಸಲ ನೋಡುತ್ತಿದ್ದ. ಒಂದು ಹಾಡಿನಲ್ಲಿ ಎಂಟು ಸಲವಾದರೂ ಬರುತ್ತಿತ್ತು ಅದು. ನನ್ನ ಆಯುಷ್ಯದಲ್ಲಿ ನಾನು ಅಷ್ಟು ಸುಖವಾಗಿದ್ದದ್ದು ಆ ಎರಡು ಪೆಟ್ಟಿನ ಜಾಗದಲ್ಲಿ ಮಾತ್ರ ಎಂದರೆ ನನ್ನ ಹೆಂಡತಿ ಸಿಟ್ಟಾಗುತ್ತಾಳೆ. ಆದರೆ ಅದು ಖರೆ.

ಒಂದು ಮಳೆಗಾಲ ಆ ಪುಣೆಯ ಹುಡುಗ ವಿಲಾಯತಿ ರಿಕಾರ್ಡು ಒಂದನ್ನು ತಂದಿದ್ದ. ಯಾವುದೋ ದೊಡ್ಡ ರಾಕ್ ಮೇಳ ಒಡೆದು, ಅದರ ಹಾಡುಗಾರ ಈಗ ಒಬ್ಬನೇ ಹಾಡಿದ್ದಂತೆ. ಅಂಗಡಿಯಲ್ಲಿ ಹಾಕಿ ಕೇಳಿದೆವು. ಇಂಗ್ಲಿಷು ನಮಗೆ ಅಷ್ಟಕ್ಕಷ್ಟೇ, ಆದರೆ ವಾದಕ್ಕೆ ಭಾಷೆ ಯಾಕೆ ಬೇಕು? ಒಬ್ಬನೇ ಹಾಡಿದ್ದು ಹೆಚ್ಚು ಚಂದ ಎಂದ ಹುಡುಗ. ಸಾಧ್ಯವೇ ಇಲ್ಲ, ಮೇಳದ ರುಚಿ ಒಬ್ಬನಿಂದ ಬರುವುದಿಲ್ಲ ಎಂದು ನಾನು. ಮೇಜು ಬಡಿದೆ, ಮೇಲಿದ್ದ ರೇಡಿಯೋದ ಬಲ್ಬೊಂದು ಉರುಳಿತು. ನಮ್ಮ ಹಾಡುಗಾರ ಮೂಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದವನು ತಲೆ ಎತ್ತಿ, “ಅಲ್ಲೋ, ಒಬ್ಬನ ಹಾಡಿದ್ರ ಕಡೀ ಮಾತು ಯಾರು ಎತ್ತತಾರ?” ಎಂದು ಕೇಳಿದ. ನಾವೆಲ್ಲ ನಕ್ಕೆವು. ವಿಲಾಯತಿಯಲ್ಲಿ ಅಂಥ ಕಟ್ಟಳೆ ಇರಲಿಕ್ಕಿಲ್ಲ ಎಂದ ಪುಣೆಯ ಹುಡುಗ. ಪಾಪ, ಅವರ ಹಣೆಬರಹ ಎಂದು ಮತ್ತೆ ಶೇಂಗಾ ಸುಲಿಯತೊಡಗಿದ ಇವನು.

ಮುಂದಿನ ವರ್ಷ ಕನಮಡಿಯ ಒಂದು ಮದುವೆಗೆ ಮುಂಬೈಯಿಂದ ಬೀಗರ ಪೈಕಿ ಒಬ್ಬರು ಬಂದಿದ್ದರು. ರಿಕಾರ್ಡು ಮಾಡುವ ಸಣ್ಣ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ನಮ್ಮ ಹಾಡು ಕೇಳಿ ಊಟಕ್ಕೂ ಏಳಲಿಲ್ಲ. ಹದಿನೈದು ದಿನಕ್ಕೆ ಕಾಗದ ಬಂತು. ಹಾಡುಗಾರ ಮುಂಬೈಗೆ ಬರಬೇಕು, ಎರಡು ಹಾಡು ಹಾಡಬೇಕು, ವಾದ್ಯದವರು ಅಲ್ಲಿಯವರೇ ಇದ್ದಾರೆ. ಹಾಡುಗಾರ ಎಂದಷ್ಟೇ ಬರೆದಿತ್ತು. ರೇಡಿಯೋ ಅಣ್ಣನಿಗೆ ನಿಜವಾಗಿಯೇ ಖುಷಿಯಾಯಿತು. ನಾನು ಬಾಯಲ್ಲಿ ಹೋಗು ಎಂದೆ. ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಇದನ್ನು ಮುಚ್ಚಿಟ್ಟು ಈ ವಯಸ್ಸಿನಲ್ಲಿ ನನಗೇನು ಸಿಗಬೇಕಾಗಿದೆ?

ಹೊರಡುವ ಹಿಂದಿನ ದಿನ ಅವನು ತೊರವಿಗೆ ಬಂದ. ಸಾಲಿ ಬಿಡುವ ಹೊತ್ತು. ಬೇವಿನ ಗಿಡದ ಕೆಳಗೆ ನಿಂತಿದ್ದ.

“ಮಾಸ್ತರ, ನೀನೂ ನಡಿ” ಎಂದ.

“ನನ್ನ ಕರದಾರೇನು?”

“ನಾ ಕರ್ಯಾಕತ್ತೇನಲ್ಲ. ಆ ‘ನೀ’ ಯಾರು ಎತ್ತಬೇಕು?”

“ಒಂದು ಅಕ್ಷರಕ್ಕ ಮುಂಬೈ ತನಕ ಬರ್ಲೇನು? ಪರೀಕ್ಷಾ ಅದಾವು ನನಗ. ಮುಂಬೈದಾಗ ಮಂದಿಗೇನು ಬರ ಬಿದ್ದೈತಿ? ಅಲ್ಲೇ ಯಾರಿಗರೆ ಹೇಳು, ಒದರತಾರ.”

ಪರೀಕ್ಷೆಗೆ ಇನ್ನೂ ತಿಂಗಳಿತ್ತು. ಅದು ಅವನಿಗೂ ಗೊತ್ತಿತ್ತು. “ನೋಡು, ಮನಸ್ಸಾದ್ರ ನಾಳೆ ಮುಂಜಾನೆ ಸ್ಟೇಶನ್ನಿಗೆ ಬಾ” ಎಂದು ಹೋದ. ನಾನು ಹೋಗಲಿಲ್ಲ. ಮಾರನೆಯ ದಿನ ಮೂರನೆಯ ಇಯತ್ತೆಯ ಮಕ್ಕಳನ್ನು ಕಾರಣವಿಲ್ಲದೆ ಬೈದೆ.

ರಿಕಾರ್ಡು ತಯಾರಾಗಿ ಅವನ ಕೈಗೆ ಬರಲು ನಾಕು ತಿಂಗಳು ಹಿಡಿಯಿತು. ಅವನು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಕಂಕುಳಲ್ಲಿ ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡು ಅಂಗಡಿಗೆ ಬಂದ. ಸುದ್ದಿ ಮೊದಲೇ ಹಬ್ಬಿತ್ತು. ಶೆಡ್ಡಿನವರು, ಟೈರಿನ ಅಂಗಡಿಯವರು, ಚಹಾದವನು ಎಲ್ಲ ಸೇರಿದರು. ರೇಡಿಯೋ ಅಣ್ಣ ಲೌಡ್‌ಸ್ಪೀಕರಿನ ಕರ್ಣೆಯನ್ನು ಹೊರಗೆ ತೂಗುಹಾಕಿ ರಿಕಾರ್ಡಿನ ಮೇಲೆ ಮುಳ್ಳು ಇಟ್ಟ.

ಮೊದಲು ಪಿಟೀಲುಗಳು ಬಂದವು. ಆಮೇಲೆ ಡ್ರಮ್ಮು, ಸೀಳು ತಾಟಿನ ಡ್ರಮ್ಮಲ್ಲ, ಗುಂಡಗಿನ ಮೆತ್ತನೆಯ ಸದ್ದು. ಆಮೇಲೆ ಅವನ ದನಿ. ಎಷ್ಟು ಚಂದವಾಗಿತ್ತೆಂದರೆ ಶೆಡ್ಡಿನ ಮಿಸ್ತ್ರಿ ಟೋಪಿ ತೆಗೆದ. “ಹೊತ್ತು ಟಿಕೋಟಾ ದಾಟಿತು, ಇನ್ನೂ ಯಾಕ ಬರಲಿಲ್ಲ” ಎಂದು ನಿಂತ. ನನ್ನ ಬಾಯಿ ತಾನಾಗಿ ತೆರೆಯಿತು. ಎರಡು ಪೆಟ್ಟಿನಷ್ಟು ಬರೀ ಖಾಲಿ. ಪಿಟೀಲೂ ಇಲ್ಲ, ಡ್ರಮ್ಮೂ ಇಲ್ಲ, ರಿಕಾರ್ಡಿನ ಸರಸರ ಸದ್ದು ಅಷ್ಟೇ. ಆಮೇಲೆ ಮುಂದಿನ ಸಾಲು. ಮತ್ತೆ ಪಲ್ಲವಿ, ಮತ್ತೆ ಖಾಲಿ. ಆ ಕಡೆಯ ಮಾತು ಇಲ್ಲದಿದ್ದರೂ ಸಾಲಿನ ಅರ್ಥ ಕೆಡುತ್ತಿರಲಿಲ್ಲ, ಆದ್ದರಿಂದ ಬೇರೆಯವರಿಗೆ ಏನು ಹೋಯಿತೆಂದು ತಿಳಿಯಲಿಲ್ಲ. ನಡುನಡುವೆ ಹಾಡು ಮುಗ್ಗರಿಸಿದಂತೆ ಕಂಡಿತು, ಅಷ್ಟೇ. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ತಲೆಗೆ ರಕ್ತ ಏರಿತು. ಇಡೀ ಹಾಡಿನಲ್ಲಿ ನನ್ನದೆಂದು ಇದ್ದದ್ದು ಒಂದೇ ಅಕ್ಷರ, ಅದನ್ನೂ ಕತ್ತರಿಸಿ ಒಗೆದಿದ್ದಾನೆ ಎಂದುಕೊಂಡೆ. ಬೇವಿನ ಗಿಡದ ಕೆಳಗೆ ನಾನೇ ಆಡಿದ ಮಾತು ಆಗ ಒಂದು ಚೂರೂ ನೆನಪಾಗಲಿಲ್ಲ.

ಹಾಡು ಮುಗಿಯಿತು. ಎಲ್ಲರೂ ನನ್ನ ಕಡೆ ನೋಡಿದರು, ಯಾಕೆಂದರೆ ನಾನು ಮಾಸ್ತರ, ಸರಿತಪ್ಪು ಹೇಳುವುದೇ ನನ್ನ ಉದ್ಯೋಗ. ಅವನೂ ನೋಡಿದ.

“ಮಾಸ್ತರ, ಮೊದಲಿನ ಹಾಡಿಗೆ ಸರಿಬಂದೈತೇನು? ಖರೇ ಹೇಳು.”

“ಖರೇ ಹೇಳ್ಲೇನು? ಮೇಳದಾಗ ಇದ್ದಾಗ ಹುಲಿ ಇದ್ದಿ ಬಿಡು. ಈಗ ಒಬ್ಬನ ಆಗಿ ನೋಡು, ಒಂದು ಸಾಲು ಮುಗಸಾಕ ಸೈತ ಉಸರು ಸಾಲವಲ್ದು ನಿನಗ.”

ಜನ ನಕ್ಕರು. ಕಾಯುತ್ತಿದ್ದರೋ ಏನೋ ಅನ್ನುವಂತೆ ನಕ್ಕರು. ಚಹಾದವನು, “ಉಸರು ಸಾಲವಲ್ದು” ಎಂದು ಇನ್ನೊಮ್ಮೆ ಹೇಳಿ ಮತ್ತೊಂದು ಸಲ ನಗಿಸಿದ. ಆ ಮಾತು ವಾರದೊಳಗೆ ಸೊಲ್ಲಾಪುರ ರಸ್ತೆಯ ಉದ್ದಕ್ಕೂ ಓಡಾಡಿತು. ಅವನು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನನ್ನನ್ನೇ ನೋಡಿದ. ನಾನು ಏನನ್ನೋ ಇನ್ನೂ ಹೇಳುವುದು ಬಾಕಿ ಇದೆ ಅನ್ನುವ ಹಾಗೆ ನೋಡಿದ. ಆಮೇಲೆ, “ಆತು ಮಾಸ್ತರ” ಎಂದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟ. ರಿಕಾರ್ಡನ್ನು ತೆಗೆದುಕೊಳ್ಳಲಿಲ್ಲ. ಗಿಟಾರು ಅಂಗಡಿಯಲ್ಲೇ ಉಳಿಯಿತು. ಶೆಡ್ಡಿನ ಕೆಲಸವನ್ನೂ ಬಿಟ್ಟು ಬಬಲೇಶ್ವರಕ್ಕೆ ಹೋದನೆಂದು ತಿಂಗಳಾದ ಮೇಲೆ ಗೊತ್ತಾಯಿತು.

ನಾನು ಎರಡು ವರ್ಷ ಅವನ ಸುದ್ದಿ ಎತ್ತಗೊಡಲಿಲ್ಲ. ರೇಡಿಯೋ ಅಣ್ಣ ಏನಾದರೂ ಹೇಳಲು ಬಾಯಿ ತೆರೆದರೆ ನಾನು ಸೈಕಲ್ ಹತ್ತಿಬಿಡುತ್ತಿದ್ದೆ. ನನ್ನ ತೀರ್ಪು ಸರಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳಬೇಕಾಗುತ್ತಿತ್ತು ಎನ್ನುವುದರಲ್ಲೇ ಎಲ್ಲ ಇತ್ತು, ಆದರೆ ಸಿಟ್ಟಿನ ಮನುಷ್ಯನಿಗೆ ಅಷ್ಟು ಸಣ್ಣದು ಕಾಣುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಂಗಡಿಗೆ ಹೋದರೆ ರೇಡಿಯೋ ಅಣ್ಣ ಆ ಚಹಾಪೆಟ್ಟಿಗೆಯ ಆಂಪ್ಲಿಫಾಯರ್ ಬಿಚ್ಚಿ ಕುಳಿತಿದ್ದ. ಒಳಗಿನ ಸಾಮಾನನ್ನು ಬೇರೆ ಯಾವುದಕ್ಕೋ ಬಳಸಬೇಕಾಗಿತ್ತು. ಯಾಕೋ ನನಗೆ ನೋಡಲಾಗಲಿಲ್ಲ. “ಯಾಕ್ರಿ ಅಣ್ಣಾ, ಇರ್ಲಿ ಬಿಡ್ರಿ ಅದು” ಎಂದೆ.

“ಯಾರ ಸಲುವಾಗಿ ಇಡ್ಲಿ?” ಎಂದ. ಆಮೇಲೆ ತಲೆ ಎತ್ತದೆಯೇ, ಅವನ ಮಟ್ಟಿಗೆ ಬಹಳ ಉದ್ದನೆಯ ಮಾತಾಡಿದ. “ಮುಂಬೈದಾಗ ಎರಡು ದಿನ ಜಗಳಾಡ್ಯಾನ ಅಂವ. ಆ ಕಡೀ ಮಾತು ಅಲ್ಲಿ ಒಬ್ಬ ಹಾಡವ ಎತ್ತತೇನಿ ಅಂದ್ನಂತ, ಇಂವ ಬ್ಯಾಡ ಅಂದ. ಹಂಗಾರ ನೀನ ಹಾಡಿ ಮುಗಸು ಅಂದ್ರಂತ. ಅದು ನಂದಲ್ರಿ, ಅದು ಮಾಸ್ತರಂದು ಅಂದಾನ. ಪಿಟೀಲರೆ ತುಂಬಸ್ತೇವಿ ಅಂದ್ರ ಅದಕ್ಕೂ ಒಲ್ಲೆ ಅಂದ. ಜಾಗಾ ಹಂಗ ಇರ್ಲಿ, ಊರಿಗಿ ಹ್ವಾದಮ್ಯಾಲ ಮಾಸ್ತರ ಎತ್ತತಾನ ಅಂದಾನ. ಕಂಪನಿಯವ್ರಿಗಿ ತಲಿ ಕೆಟ್ಟತು. ಇಂಥ ಹಟಮಾರಿ ನಮಗ ಬ್ಯಾಡ ಅಂತ ಮತ್ತ ಕರೀಲಿಲ್ಲ. ಅವತ್ತು ಅಂಗಡ್ಯಾಗ ನೀ ಎತ್ತತಿ ಅಂತ ಕಾಯಾಕತ್ತಿದ್ದ ಅಂವ.”

ನಾನು ಸ್ಟೂಲಿನ ಮೇಲೆ ಕುಳಿತೆ. ನನ್ನ ಬಾಯಿ ತೆರೆದಿತ್ತಲ್ಲ ಅವತ್ತು. ತೆರೆದ ಬಾಯಿಯಿಂದ ಆ ಒಂದು ಅಕ್ಷರ ಬಂದಿದ್ದರೆ ಎಲ್ಲ ಮುಗಿದಿತ್ತು. ಅಷ್ಟು ಜನರೆದುರು ಮೇಳ ಮತ್ತೆ ಸೇರಿಬಿಡುತ್ತಿತ್ತು. ಅವನು ನನಗಾಗಿ ಎಂಟು ಸಲ ಜಾಗ ಬಿಟ್ಟಿದ್ದ, ನಾನು ಎಂಟು ಸಲ ಸುಮ್ಮನಿದ್ದೆ, ಒಂಬತ್ತನೆಯ ಸಲ ಬಾಯಿಬಿಟ್ಟು ಅವನಿಗೆ ಉಸಿರು ಸಾಲದು ಎಂದೆ. ನನಗೆ ಅಳು ಬಂತು. ರೇಡಿಯೋ ಅಣ್ಣ ನೋಡಿದರೂ ನೋಡದವನಂತೆ ತಿರುಪು ಬಿಚ್ಚುತ್ತಲೇ ಇದ್ದ.

ಶ್ರಾವಣದ ಸೋಮವಾರ ರಜೆ ಹಾಕಿ ಬಬಲೇಶ್ವರದ ಬಸ್ಸು ಹತ್ತಿದೆ. ಅವತ್ತು ಅವರಲ್ಲಿ ಹಗಲು ಭಜನೆ ಇರುತ್ತದೆಂದು ಗೊತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಮೇಳ ಕುಳಿತಿತ್ತು. ಮುಂದೆ ಅವನ ಸೋದರಮಾವ, ಹಲ್ಲು ಹೋಗಿದ್ದವು, ದನಿ ನಡುಗುತ್ತಿತ್ತು. ಆ ಜಾಗಕ್ಕೆ ನಮ್ಮವನು ಎಂದೋ ಬರಬೇಕಾಗಿತ್ತು. ಅವನು ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ತಾಳ ಹಿಡಿದು ಕುಳಿತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಕೆನ್ನೆ ಒಳಗೆ ಹೋಗಿದ್ದವು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದ. ಹೋಗಿ ಪಕ್ಕದಲ್ಲಿ ಕುಳಿತೆ. ಮುದುಕ ಸಾಲು ಹಾಡಿ ನಿಲ್ಲಿಸುತ್ತಿದ್ದ, ಹಿಂದಿನವರು ಕಡೆಯ ಮಾತು ಎತ್ತುತ್ತಿದ್ದರು. ಅವನೂ ಎತ್ತುತ್ತಿದ್ದ, ಎಲ್ಲರ ದನಿಯ ಒಳಗೆ ತನ್ನದು ಕೇಳದ ಹಾಗೆ ಸಣ್ಣಗೆ. ಮುಂದೆ ಕೂಡ್ರು ಎಂದು ಎಷ್ಟು ಹೇಳಿದರೂ ಒಲ್ಲೆ ಎನ್ನುತ್ತಾನೆ, ಉಸಿರು ಸಾಲುವುದಿಲ್ಲ ಅನ್ನುತ್ತಾನೆ ಎಂದು ಆಮೇಲೆ ಮುದುಕ ನನಗೆ ದೂರು ಹೇಳಿದ.

ಬಸ್ಸಿನವರೆಗೆ ಕಳಿಸಲು ಬಂದ. ಸಜ್ಜೆಯ ಹೊಲದ ಬದುವಿನ ಗುಂಟ ನಡೆದೆವು. ನಾನು ಒಂದು ವಾರದಿಂದ ಒಳಗೊಳಗೇ ಬರೆದು ಅಳಿಸಿ ಕಲಿತಿದ್ದ ಮಾತೆಲ್ಲ ಮರೆತುಹೋಯಿತು.

“ನಂದು ತಪ್ಪಾತೋ. ನೀ ಬಿಟ್ಟ ಜಾಗಾ ನನಗ ತಿಳೀಲಿಲ್ಲ” ಎಂದೆ.

“ನೀ ಹೇಳಿದ್ದು ಖರೇನ ಇತ್ತಲ್ಲ ಮಾಸ್ತರ” ಎಂದ. “ಒಬ್ಬನ ಹಾಡಿದ್ದು ಮೇಳದ ಹಾಡಿಗಿ ಸರಿಬರಲಿಲ್ಲ. ಬರಬಾರದು ಅಂತನ ಹಂಗ ಹಾಡಿದ್ನಿ ನಾ. ಬಂದಿದ್ರ ನೀವಿಬ್ರು ಯಾತಕ್ಕ ಬೇಕಾಗಿದ್ರಿ?”

ಬಸ್ ನಿಲ್ಲುವ ಕಟ್ಟೆಯ ಮೇಲೆ ಕುಳಿತೆವು. ಬೇರೆ ಯಾರೂ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು. ಇನ್ನೊಮ್ಮೆ ಹಾಡೋ, ಈಗ ನಾ ಎತ್ತತೇನಿ ಎಂದು ಅವನ ಕೈ ಹಿಡಿದೆ. ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ಆಮೇಲೆ ತನ್ನಷ್ಟಕ್ಕೆ ತಾನೇ, ಕೂಸನ್ನು ಮಲಗಿಸುವಷ್ಟು ಮೆಲ್ಲಗೆ ಶುರು ಮಾಡಿದ.

“ಹೊತ್ತು ಟಿಕೋಟಾ ದಾಟಿತು, ಇನ್ನೂ ಯಾಕ ಬರಲಿಲ್ಲ…”

ನಿಂತ. ನನ್ನ ಕಡೆ ತಿರುಗಿ ನೋಡಿದ, ಮೊದಲಿನ ಹಾಗೆಯೇ. ನಾನು ಕಟ್ಟೆಯ ಮೇಲೆ ಬೆರಳಿನಿಂದ ಒಂದು, ಎರಡು ಬಡಿದೆ. ಬಾಯಿ ತೆರೆದೆ. ಮೂರು, ನಾಕು. ಅವನು ಕಾದ. ನಾನು ಎಷ್ಟು ಒದ್ದಾಡಿದರೂ ಬರೀ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಕಣ್ಣೀರು ಮಾತ್ರ ಇಳಿಯಿತು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಾಣಿಸಿತು. ಅವನು ನನ್ನ ಬೆನ್ನ ಮೇಲೆ ಕೈ ಇಟ್ಟ. ಮುಂಬೈಯಲ್ಲಿ ಎರಡು ದಿನ ಜಗಳಾಡಿ ಹಾಡದೇ ಉಳಿಸಿ ತಂದಿದ್ದ ಆ ಮಾತನ್ನು, ನನ್ನ ಮುಖ ನೋಡುತ್ತ, ತಾನೇ ಹಾಡಿದ.

“ನೀ.”

ನನಗೆ ತಿಳಿದ ಮಟ್ಟಿಗೆ ಅವನು ಒಂದು ಸಾಲನ್ನು ಪೂರ್ತಿ ಒಬ್ಬನೇ ಹಾಡಿದ್ದು ಅದೊಂದೇ ಸಲ.